ಮುಯ್ಯಿ ಪುಸ್ತಕದಲ್ಲಿ ಇಲ್ಲದ ಹೆಸರುಗಳು

(ಸಹಕಾರ ಸಪ್ತಾಹದಲ್ಲಿ ಗದಗಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಉಪನ್ಯಾಸಕರು ಮಲಪ್ರಭಾ ದಂಡೆಯ ಹಳ್ಳಿಯೊಂದರ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 31 ವರ್ಷ ಕಾರ್ಯದರ್ಶಿಯಾಗಿದ್ದವರು.)

2019ರ ಆಗಸ್ಟ್‌ನಲ್ಲಿ ಹೊಳೆ ನಮ್ಮೂರ ಅಗಸಿ ದಾಟಿ ಒಳಗೆ ಬಂದಾಗ, ದಿನ್ನೆಯ ಮೇಲಿನ ಸಾಲಿಯಲ್ಲಿ ನಾವು ನಾಲ್ಕು ನೂರರಷ್ಟು ಮಂದಿ ಇದ್ದೆವು. ಎರಡನೆಯ ದಿನ ಕುಂದಗೋಳ ಕಡೆಯಿಂದ ಒಂದು ಟೆಂಪೋ ಬಂತು. ಹಳೆಯ ಧೋತರಗಳಲ್ಲಿ ಗಂಟು ಕಟ್ಟಿದ ಕಟಕ ರೊಟ್ಟಿ, ಜೊತೆಗೆ ಡಬ್ಬಿಗಳಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಮನೆಗೆ ಹತ್ತರಂತೆ ಇಡೀ ಊರಲ್ಲಿ ಎತ್ತಿ ತಂದ ರೊಟ್ಟಿ ಅವು. ಬಿಚ್ಚಿದರೆ ಒಂದರಂತೆ ಒಂದಿಲ್ಲ. ಬಿಳಿಜೋಳದವು, ಎಳ್ಳು ಹಚ್ಚಿದ ಸಜ್ಜಿಯವು, ಕಾಗದದಷ್ಟು ತೆಳ್ಳಗಿನವು, ನಡುವೆ ಸುಟ್ಟ ಕಲೆ ಬಿದ್ದವು.

ನಮ್ಮ ಓಣಿಯ ಒಬ್ಬ ಅಜ್ಜಿ ಒಂದು ರೊಟ್ಟಿ ಕೈಗೆತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು. ಎರಡು ದಿನದಿಂದ ಯಾರ ಜೊತೆಗೂ ಮಾತಾಡಿರಲಿಲ್ಲ ಆಕೆ. "ಇದನ್ನ ಬಡದಾಕಿಗೆ ವಯಸ್ಸಾಗೈತಿ ನೋಡೊ ತಮ್ಮಾ," ಅಂದಳು. "ಅಂಚು ದಪ್ಪ ಬಿಟ್ಟಾಳ. ಕೈ ಸೋತಾವು ಆಕೀವು. ಆದ್ರೂ ಹತ್ತ್ ಬಡದ ಕಳಿಸ್ಯಾಳ." ಆಮೇಲೆ ಆ ರೊಟ್ಟಿಯನ್ನು ಅರ್ಧ ಮುರಿದು ತಿಂದು, ಅರ್ಧ ಸೆರಗಿನಲ್ಲಿ ಕಟ್ಟಿಕೊಂಡಳು.

ಸಂಕಟದ ಹೊತ್ತಿನಲ್ಲಿ ಮನುಷ್ಯರ ನಡುವೆ ಓಡಾಡುವ ನಂಬಿಕೆ ಅಂದರೆ ನನ್ನ ಕಣ್ಣ ಮುಂದೆ ಬರುವುದು ಆ ದಪ್ಪ ಅಂಚು. ಅಕ್ಕಿ ಚೀಲಗಳೂ ಬಂದವು, ಬಿಸ್ಕಿಟ್ ಪೆಟ್ಟಿಗೆಗಳೂ ಬಂದವು. ಅವೂ ಬೇಕಾಗಿದ್ದವು, ತಂದವರ ಉಪಕಾರ ನಾವು ಮರೆತಿಲ್ಲ. ಆದರೆ ಅಜ್ಜಿಗೆ ಬಾಯಿ ಬಂದದ್ದು ಇನ್ನೊಬ್ಬ ಮುದುಕಿಯ ಕೈ ಗುರುತು ಸಿಕ್ಕಾಗ.

ಮರುದಿನ ಇನ್ನೊಂದು ನಡೆಯಿತು. ಸಾಲಿಯ ಅಂಗಳದಲ್ಲಿ ಗಂಜಿಕೇಂದ್ರದ ಪಾಳಿಯಲ್ಲಿ ನಿಂತಿದ್ದ ಹೆಣ್ಣುಮಕ್ಕಳು ಪಾಳಿ ಬಿಟ್ಟು ನನ್ನ ಹತ್ತಿರ ಬಂದರು. "ಸೆಕ್ರೆಟರಿ ಅಣ್ಣಾರ, ನಮಗ ಚಿತ್ರಾನ್ನ ಸಾಕಾತ್ರಿ. ಹಿಟ್ಟು ಕೊಡಸ್ರಿ, ಹಂಚು ಕೊಡಸ್ರಿ. ನಾವs ಬಡೀತೀವಿ." ಹಂಚು ಎಲ್ಲಿಂದ ತರಲಿ? ಎತ್ತರದ ಓಣಿಯ ಆರು ಮನೆಗಳಿಗೆ ನೀರು ನುಗ್ಗಿರಲಿಲ್ಲ. ಅಲ್ಲಿಂದ ಹಂಚು, ಹಿಟ್ಟು ನಾದುವ ಕೊಣಮಿಗೆ ಬಂದವು. ಕಲ್ಲು ಹೂಡಿ ಒಲೆ ಮಾಡಿದರು. ಸಂಜೆಗೆ ಸಾಲಿಯ ಅಂಗಳದಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾದ ಮೇಲೆ ಅಲ್ಲಿನ ಗಾಳಿಯೇ ಬೇರೆಯಾಯಿತು. ಜಗಳ ಕಡಿಮೆಯಾದವು. ಗಂಡಸರು ಸೌದೆ ಹುಡುಕಲು ಹೋದರು. ಕಳೆದುಹೋದ ದನಗಳ ಲೆಕ್ಕ ಹಾಕಲು ಯಾರೋ ಒಂದು ಪಟ್ಟಿ ಶುರು ಮಾಡಿದರು. ಎರಡು ದಿನ ಉಣ್ಣಿಸಿಕೊಳ್ಳುತ್ತ ಕೂತಿದ್ದ ಊರು ಮತ್ತೆ ಊರಾಯಿತು.

ದಾನ ಕೊಳ್ಳುವವನಿಗೆ ಕೈ ಒಡ್ಡುವುದೊಂದೇ ಕೆಲಸ. ಮುಯ್ಯಿಯಲ್ಲಿ ಹಾಗಲ್ಲ, ಇವತ್ತು ಕೊಂಡವನು ನಾಳೆ ಕೊಡುವವನು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಈ ಮುಯ್ಯಿಯ ವಿಷಯ.

ನಿಮ್ಮಲ್ಲಿ ವಯಸ್ಸಾದವರಿಗೆ ಮುಯ್ಯಾಳು ಗೊತ್ತು. ನಮ್ಮ ಹೊಲದ ಕಸ ತೆಗೆಯಲು ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಇಬ್ಬರು ಹೋಗಬೇಕು. ಕೂಲಿ ಇಲ್ಲ, ಬುತ್ತಿ ಅವರವರದು. ಮದುವೆಯ ಆಯೇರಿಯೂ ಅದೇ. ಯಾರು ಎಷ್ಟು ಮಾಡಿದರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆ ಬಂದಾಗ ತೆಗೆದು ನೋಡಿ, ಅದಕ್ಕಿಂತ ಸ್ವಲ್ಪ ಹೆಚ್ಚು ಮಾಡುವುದು. ಆ ಹೆಚ್ಚಿಗೆಯಲ್ಲಿ ಒಂದು ಗುಟ್ಟಿದೆ. ನನ್ನ ತಾಯಿ ಬಾಜು ಮನೆಯಿಂದ ಒಂದು ಸೇರು ಹಿಟ್ಟು ಇಸಿದುಕೊಂಡರೆ, ತಿರುಗಿ ಕೊಡುವಾಗ ಸೇರಿನ ಮೇಲೆ ಗೋಪುರ ಏಳುವ ಹಾಗೆ ತುಂಬಿ ಕೊಡುತ್ತಿದ್ದಳು. "ಒಂದ್ ಸೇರ್ ತಂದಿದ್ದಿ, ಒಂದs ಸೇರ್ ಕೊಡು," ಅಂತ ನಾನು ಒಮ್ಮೆ ಹೇಳಿದೆ. "ಸರಿಗೆ ಸರಿ ಕೊಟ್ರ ಲೆಕ್ಕ ಮುಗೀತೈತಲ್ಲೊ," ಅಂದಳು. ಲೆಕ್ಕ ಮುಗಿಯಬಾರದು ಅನ್ನುವುದು ಆಕೆಯ ವಿಚಾರ. ಲೆಕ್ಕ ಮುಗಿದರೆ ನಾಳೆ ಆ ಮನೆಯ ಕದ ಬಡಿಯಲು ಕಾರಣ ಉಳಿಯುವುದಿಲ್ಲ.

ಹಗೇವಿನ ವಿಷಯವನ್ನೂ ಇಲ್ಲೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕೂತ ಹುಡುಗರು ಹಗೇವು ನೋಡಿರಲಿಕ್ಕಿಲ್ಲ. ನೆಲದೊಳಗೆ ಕಾಳು ತುಂಬಿಡುವ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು, ಹೊಟ್ಟು ಹಾಸಿ ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಇರುತ್ತಿತ್ತು. ಸುಗ್ಗಿಯಲ್ಲಿ ತುಂಬಿದ್ದು ಬರದಲ್ಲಿ ತೆಗೆಯಲು.

1972ರ ಬರದಲ್ಲಿ ನಮ್ಮ ಓಣಿಯ ಹಗೇವು ತೆಗೆದದ್ದನ್ನು ನಾನು ನೋಡಿದ್ದೇನೆ. ಆಗ ನನಗೆ ಹನ್ನೆರಡು ವರ್ಷ. ನಸುಕಿನಲ್ಲಿ ಚಪ್ಪಡಿ ಸರಿಸಿದರು. ಒಳಗಿನಿಂದ ಹುಳಿತ ಮುಗ್ಗು ವಾಸನೆ ಬಂತು. ಯಾರೂ ಇಳಿಯಲಿಲ್ಲ, ಹಾಗೇ ಬಿಟ್ಟು ಕೂತರು. ಹೊತ್ತು ಏರಿದ ಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಕಂದೀಲು ಆರಿತು. ಮತ್ತೆ ಕೂತರು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಉಸಿರಾಡಿ ಒಳಗೆಲ್ಲ ಕೆಟ್ಟ ಗಾಳಿ ತುಂಬಿರುತ್ತದೆ. ಅವಸರ ಮಾಡಿ ಇಳಿದವನು ಮೇಲೆ ಬರುವುದಿಲ್ಲ. ಮಧ್ಯಾಹ್ನ ಮತ್ತೆ ಇಳಿಬಿಟ್ಟಾಗ ದೀಪ ಉರಿಯಿತು. ಆಮೇಲೆ ಒಬ್ಬ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ. ಮೇಲೆ ಹಗ್ಗ ಹಿಡಿದವರು ನಾಲ್ವರು, ಅವರಲ್ಲಿ ಒಬ್ಬನ ಜೊತೆ ಇಳಿದವನದು ಬದುವಿನ ವ್ಯಾಜ್ಯ ನಡೆದಿತ್ತು. ಕೋರ್ಟಿನಲ್ಲಿ ಎದುರುಬದುರು ನಿಲ್ಲುವವನ ಕೈಯಲ್ಲಿ ಹಗ್ಗ ಕೊಟ್ಟು ಅವನು ಒಳಗೆ ಇಳಿದಿದ್ದ. ಒಬ್ಬನೇ ಹಗೇವು ತೆಗೆಯಲಾರ. ಹಾಗಾಗಿ ಯಾರ ಹಗೇವಿನಲ್ಲಿ ಎಷ್ಟಿದೆ ಅನ್ನುವುದು ಊರಿಗೆಲ್ಲ ಗೊತ್ತು. ಗೊತ್ತಿದ್ದ ಮೇಲೆ, ಬರದಲ್ಲಿ ಕಡ ಕೇಳಿ ಬಂದವನಿಗೆ ಇಲ್ಲವೆನ್ನುವುದು ಕಷ್ಟ.

ಹಳೆಯ ಕಾಲವೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ. ಆ ಹಗೇವಿನ ಸುತ್ತ ಕೂತವರಲ್ಲಿ ಕೇರಿಯವರು ಯಾರೂ ಇರಲಿಲ್ಲ. ಅವರು ಸಂಜೆಗೆ ಬಂದು, ಹಗೇವಿನ ಅಂಚಿಗೆ ಅಂಟಿ ಕೆಟ್ಟ ಮುಗ್ಗು ಜೋಳ ತುಂಬಿಕೊಂಡು ಹೋದರು. ಅದನ್ನೂ ನಾನು ನೋಡಿದ್ದೇನೆ. ಅದಕ್ಕೇ ಆಮೇಲೆ ಬರುತ್ತೇನೆ.

ಈಗ ಸ್ವಲ್ಪ ದೂರದ ಒಂದು ಕತೆ. 1846–47ರ ಚಳಿಗಾಲದಲ್ಲಿ ಜರ್ಮನಿಯ ಹಳ್ಳಿಗಾಡಿನಲ್ಲಿ ಬರ ಬಿದ್ದಿತ್ತು. ವೇಯರ್‌ಬುಶ್ ಎಂಬಲ್ಲಿ ರೈಫೈಸನ್ ಎಂಬ ತರುಣ ಊರ ಮುಖ್ಯಸ್ಥನಾಗಿದ್ದ. ಅವನು ಉಳ್ಳವರಿಂದ ಹಣ ಎತ್ತಿ, ಧಾನ್ಯ ತರಿಸಿ, ಊರೊಟ್ಟಿನ ಒಲೆಯಲ್ಲಿ ಬ್ರೆಡ್ ಸುಟ್ಟು ಬಡವರಿಗೆ ಸಾಲವಾಗಿ ಕೊಟ್ಟ. ಅದಕ್ಕೊಂದು ಸಂಘ ಕಟ್ಟಿದ. ಸಹಕಾರದ ಮೂಲ ಹುಡುಕಿಕೊಂಡು ಹೋದರೆ ಅಲ್ಲೂ ರೊಟ್ಟಿಯೇ ಸಿಗುತ್ತದೆ ನೋಡಿ. ಆಮೇಲೆ ಅವನು ಕಟ್ಟಿದ ಸಂಘಗಳು ಶ್ರೀಮಂತರ ದಾನದ ಮೇಲೆ ನಿಂತಿದ್ದವು. ಕೊಡುವವರ ಉಮೇದು ವರ್ಷದಿಂದ ವರ್ಷಕ್ಕೆ ಇಳಿಯಿತು. 1864ರಲ್ಲಿ ಅವನು ದಾರಿ ಬದಲಿಸಿದ. ಸಾಲ ಬೇಕಾದವರೇ ಸದಸ್ಯರು, ಅವರೇ ಒಬ್ಬರಿಗೊಬ್ಬರು ಹೊಣೆ ಅನ್ನುವ ಪತ್ತಿನ ಸಂಘ ಮಾಡಿದ. ದಾನ ಬಿಟ್ಟು ಮುಯ್ಯಿಗೆ ಬಂದ ಅಂತ ನಾನು ನಮ್ಮ ಮಾತಿನಲ್ಲಿ ಹೇಳಿಕೊಳ್ಳುತ್ತೇನೆ.

ಇತ್ತ ನಮ್ಮ ಮುಂಬೈ ಕರ್ನಾಟಕ 1876ರಿಂದ 78ರ ಬರದಲ್ಲಿ ಬೆಂದಿತ್ತು. ಶತಮಾನದ ಕೊನೆಗೆ ಮತ್ತೆ ಮೇಲಿಂದ ಮೇಲೆ ಬರ. ಸಾಹುಕಾರರ ಸಾಲದಲ್ಲಿ ಹೊಲ ಕಳೆದುಕೊಂಡ ರೈತರಿಗೆ ಏನಾದರೂ ಮಾಡಲೇಬೇಕಾದಾಗ ಸರ್ಕಾರದವರು ಈ ರೈಫೈಸನ್ ಮಾದರಿಯನ್ನು ನೋಡಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿದರು. ಮರುವರ್ಷವೇ, 1905ರಲ್ಲಿ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಎದ್ದಿತು. ಈ ಸಪ್ತಾಹದಲ್ಲಿ ಎಲ್ಲ ಭಾಷಣಗಳಲ್ಲೂ ಕಣಗಿನಹಾಳದ ಹೆಸರು ಬರುತ್ತದೆ, ಹಾರ ಹಾಕುತ್ತೇವೆ, ಮುಂದೆ ಹೋಗುತ್ತೇವೆ. ಅಲ್ಲಿ ಅವರು ಹೊತ್ತುಕೊಂಡದ್ದು ಏನು ಅನ್ನುವುದನ್ನು ಒಂದು ಗಳಿಗೆ ನಿಂತು ನೋಡಬೇಕು.

ಆ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘದಲ್ಲಿ ಸದಸ್ಯರದು ಅಪರಿಮಿತ ಹೊಣೆ. ಹತ್ತು ಮಂದಿ ಸೇರಿ ಸಂಘ ಮಾಡಬಹುದು. ಆದರೆ ಒಬ್ಬ ಸಾಲ ಮುಳುಗಿಸಿದರೆ ಉಳಿದವರು ತಮ್ಮ ಷೇರಿನಷ್ಟೇ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ, ತಮ್ಮ ಆಸ್ತಿಯಿಂದಲೂ ತುಂಬಿಕೊಡಬೇಕು. ಯೋಚಿಸಿ ನೋಡಿ. ನಿಮ್ಮ ಓಣಿಯ ಹತ್ತು ಮಂದಿಯ ಸಾಲಕ್ಕೆ ನಿಮ್ಮ ಹೊಲ, ನಿಮ್ಮ ಎತ್ತು ಹೊಣೆ ಅಂತ ಕಾಗದದ ಮೇಲೆ ಇವತ್ತು ಹೆಬ್ಬೆಟ್ಟು ಒತ್ತುತ್ತೀರಾ? ನಾನು ಕಾರ್ಯದರ್ಶಿಯಾಗಿ 31 ವರ್ಷ ಕೂತವನು, ನನಗೇ ಕೈ ನಡುಗುತ್ತದೆ. ಬರಗಳನ್ನು ದಾಟಿ ಬಂದ ಆ ಜನ ಒತ್ತಿದರು. ಪುಸ್ತಕ ಊರೊಳಗೇ ಇತ್ತು, ಯಾರಿಗೆ ಎಷ್ಟು ಸಾಲ ಅಂತ ನಿರ್ಧಾರ ಮಾಡುವವರು ಊರವರೇ, ಕೊಂಡವನು ಆ ದುಡ್ಡಿನಿಂದ ಎತ್ತು ತಂದನೋ ಬೀಜ ತಂದನೋ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಹೊಣೆ ಹೊತ್ತವರ ಕೈಯಲ್ಲೇ ಹಗ್ಗವೂ ಇತ್ತು.

ಆ ಹಗ್ಗ ಬೇರೆಯವರ ಕೈಗೆ ಹೋದರೆ ಏನಾಗುತ್ತದೆ ಅನ್ನುವುದನ್ನು ಈಚಿನ ವರ್ಷಗಳಲ್ಲಿ ನಾವೇ ಕಂಡೆವು. ಊರಿಗೆ ಬರುವ ಮೈಕ್ರೋ ಫೈನಾನ್ಸ್‌ನವರು ಹೆಣ್ಣುಮಕ್ಕಳನ್ನು ಗುಂಪು ಮಾಡುತ್ತಾರೆ. ಅಡವು ಕೇಳುವುದಿಲ್ಲ. ಒಬ್ಬಳು ಕಂತು ತುಂಬದಿದ್ದರೆ ಉಳಿದವರು ತುಂಬಬೇಕು. ಕಾಗದದ ಮೇಲೆ ನೋಡಿದರೆ ಕಣಗಿನಹಾಳದ ಹೊಣೆಯೇ ಇದು ಅನ್ನಿಸುತ್ತದೆ. ಆದರೆ ಪುಸ್ತಕ ಊರಲ್ಲಿಲ್ಲ. ಬಡ್ಡಿ ಎಷ್ಟೆಂದು ಗೊತ್ತು ಮಾಡಿದವರು ಊರವರಲ್ಲ. ಮಳೆ ಹೋಗಿದೆ, ಈ ತಿಂಗಳು ಬಿಡಿ ಅನ್ನುವ ಅಧಿಕಾರ ಗುಂಪಿನ ಯಾರಿಗೂ ಇಲ್ಲ. ಬಳಸಿಕೊಳ್ಳುವುದು ಒಂದನ್ನೇ, ನೆರೆಹೊರೆಯವರ ಮುಂದೆ ಮಾನ ಹೋಗುತ್ತದೆ ಅನ್ನುವ ಅಂಜಿಕೆ.

ನಮ್ಮ ಪಕ್ಕದ ಊರಿನ ಒಂದು ಮನೆಯ ಕಟ್ಟೆಯ ಮೇಲೆ ರಾತ್ರಿ ಹತ್ತರ ತನಕ ಎಂಟು ಹೆಣ್ಣುಮಕ್ಕಳು ಕೂತಿದ್ದನ್ನು ನಾನು ನೋಡಿದೆ. ಕಂತಿನ ಹುಡುಗ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಬೈಯುತ್ತಿದ್ದವರು ಈ ಎಂಟು ಮಂದಿ. ಒಳಗೆ ಕದ ಹಾಕಿಕೊಂಡು ಕೂತವಳು ಅವರದೇ ಓಣಿಯವಳು. ಅವಳ ಬಾಣಂತನಕ್ಕೆ ಇದೇ ಎಂಟು ಮಂದಿಯಲ್ಲಿ ಇಬ್ಬರು ಎಣ್ಣೆ ನೀರು ಹಾಕಿದ್ದರು. "ನಮಗ ಆಕಿ ಮ್ಯಾಲ ಸಿಟ್ಟಿಲ್ಲರಿ. ಆದ್ರ ನಾಳೆ ನನ್ನ ಕಂತು ಆಕಿದೂ ಸೇರಿ ಎಲ್ಲಿಂದ ತರ್ಲಿ?" ಅಂತ ಒಬ್ಬಳು ಅತ್ತಳು. ಇಪ್ಪತ್ತು ವರ್ಷ ಕೂಡಿಸಿಟ್ಟ ನಂಬಿಕೆಯನ್ನು ಒಂದು ಸಂಜೆಯಲ್ಲಿ ವಸೂಲಿ ಮಾಡಿಕೊಂಡು ಹೋದರು. ಇದು ನನಗೆ ಬಹಳ ನೋವು ಮಾಡಿದ ಸಂಗತಿ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯದ ಸರವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿ ಪ್ರತಿಭಟಿಸಿದ್ದು ನಿಮಗೆ ನೆನಪಿರಬೇಕು. ಮುಂದಿನ ತಿಂಗಳು ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು. ಕಿರುಕುಳಕ್ಕೆ ಕಾನೂನು ಬಂತು, ಒಳ್ಳೆಯದಾಯಿತು. ಆ ಕಟ್ಟೆಯ ಮೇಲೆ ಕೂತ ಎಂಟು ಮಂದಿ ಮತ್ತು ಒಳಗಿನವಳು ಮತ್ತೆ ಹಿಟ್ಟು ಇಸಿದುಕೊಳ್ಳುವಂತೆ ಯಾವ ಕಾನೂನು ಮಾಡಲಾರದು. ಅದನ್ನು ಅವರೇ ಮಾಡಿಕೊಳ್ಳಬೇಕು.

ಸ್ತ್ರೀಶಕ್ತಿ ಸಂಘಗಳಲ್ಲಿ, ತಿಂಗಳಿಗಿಷ್ಟು ಅಂತ ದುಡ್ಡು ಕೂಡಿಸಿ ಚೀಟಿ ಎತ್ತುವ ಓಣಿಯ ಭಿಶಿಗಳಲ್ಲಿ ಇನ್ನೂ ಜೀವ ಇದೆ. ನಮ್ಮಲ್ಲೊಂದು ಭಿಶಿ ಇದೆ, ಹನ್ನೆರಡು ಮಂದಿಯದು. ಯಾರ ಚೀಟಿ ಎದ್ದರೂ, ಮನೆಯಲ್ಲಿ ದವಾಖಾನೆ ಖರ್ಚು ಬಂದವಳಿಗೆ ಮೊದಲು ಬಿಟ್ಟುಕೊಡಬೇಕು ಅಂತ ಬಾಯಿಮಾತಿನ ಕಟ್ಟಳೆ. ಎಲ್ಲೂ ಬರೆದಿಲ್ಲ, ಒಂದು ಸಲವೂ ತಪ್ಪಿಲ್ಲ.

ಸಂಕಟ ಬಂದರೆ ಜನ ತಾವಾಗಿಯೇ ಒಂದಾಗುತ್ತಾರೆ ಅಂತ ಕೆಲವರು ಭಾಷಣ ಮಾಡುತ್ತಾರೆ. ಎಲ್ಲ ಸಂಕಟಗಳೂ ಹಾಗಲ್ಲ. ಹೊಳೆ ಬಂದಾಗ ನೀರು ಹೊರಗಿನದು, ನಾವೆಲ್ಲ ಈಚೆ ಕಡೆ. ರೋಗ ಬಂದಾಗ ನೆರೆಯವನೇ ಅಪಾಯವಾಗಿ ಕಾಣುತ್ತಾನೆ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು. ಆಗ ಹಾಫ್ಕಿನ್ ಎಂಬ ವಿಜ್ಞಾನಿ ಮಾಡಿದ ಪ್ಲೇಗಿನ ಲಸಿಕೆ ಹೊಸದು. ಚುಚ್ಚಿಸಿಕೊಂಡರೆ ಏನಾದೀತೋ ಅನ್ನುವ ಅಂಜಿಕೆ ದೇಶದಲ್ಲೆಲ್ಲ ಇತ್ತು. ಆದರೂ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಮಂದಿ ಚುಚ್ಚಿಸಿಕೊಂಡರು. ಮನೆಯಲ್ಲಿ ಒಬ್ಬರು ಹಾಕಿಸಿಕೊಂಡು ಬದುಕಿದ್ದನ್ನು ನೋಡಿ ಉಳಿದವರು ಹೋಗಿರಬೇಕು ಅಂತ ನನ್ನ ಅಂದಾಜು. ಕೊರೊನಾ ಲಸಿಕೆಗೆ ನಮ್ಮೂರಲ್ಲಿ ಹಾಗೇ ಆಯಿತು. ಆಶಾ ಕಾರ್ಯಕರ್ತೆ ಮೊದಲು ತನ್ನ ಅತ್ತೆಗೆ ಹಾಕಿಸಿದಳು. ಅತ್ತೆ ಮರುದಿನ ಹಿಟ್ಟಿನ ಗಿರಣಿಗೆ ಬಂದದ್ದನ್ನು ನೋಡಿದ ಮೇಲೆ ಪಾಳಿ ಬೆಳೆಯಿತು.

ಆದರೆ 2020ರ ಮಾರ್ಚ್ ಕೊನೆಗೆ ನಮ್ಮ ಹಳ್ಳಿಗಳು ಏನು ಮಾಡಿದವು, ಮರೆತಿರಾ? ಅಗಸಿಗೆ ಜಾಲಿ ಮುಳ್ಳು ಹಚ್ಚಿದೆವು. ಕೆಲವು ಕಡೆ ರಸ್ತೆಯನ್ನೇ ಅಗೆದರು. ಗೋವೆಯಿಂದ, ಮಂಗಳೂರಿನಿಂದ, ಬೆಂಗಳೂರಿನಿಂದ ಗುಳೆ ಹೋದ ನಮ್ಮ ಮಂದಿಯೇ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆದು ಬಂದಾಗ, ಮುಳ್ಳಿನ ಆಚೆ ನಿಂತು ನೀರು ಕೇಳಿದರು. ನಾವು ಕೊಡ ಇಟ್ಟು ಹಿಂದೆ ಸರಿದೆವು. ಅಂಜಿಕೆ ಖರೆ, ಅಂಜದೇ ಇರಲು ಆಗುತ್ತಿರಲಿಲ್ಲ. ಆದರೂ ಒಂದು ಮಾತು ನೆನಪಿಡಿ. ಹೊಲ ಇದ್ದ ಮನೆಯ ಮಗ ಬೆಂಗಳೂರಿನಿಂದ ಕಾರಿನಲ್ಲಿ ಬಂದಾಗ ಹೊಲದ ಮನೆಯಲ್ಲಿ ಇಟ್ಟು ಬುತ್ತಿ ಕಳಿಸಿದೆವು. ತಾಂಡಾದವರು, ಕೇರಿಯವರು ಬಂದಾಗ ಸಾಲಿಯ ಕದ ತೆಗೆಯಲು ಮೂರು ದಿನ ಹಿಡಿಯಿತು. ರೋಗ ಒಂದೇ, ಮುಳ್ಳು ಒಂದೇ ಆಗಿರಲಿಲ್ಲ.

ಆಗ ಹೇಳಿದೆನಲ್ಲ, ಹಗೇವಿನ ಸುತ್ತ ಯಾರು ಕೂತಿರಲಿಲ್ಲ ಅಂತ. ಮುಯ್ಯಿಗೆ ಒಂದು ಎಲ್ಲೆ ಇರುತ್ತದೆ. ಪುಸ್ತಕದಲ್ಲಿ ಹೆಸರಿದ್ದವರಿಗೆ ಊರೆಲ್ಲ ಬಳಗ, ಹೆಸರಿಲ್ಲದವರಿಗೆ ಅದೇ ಊರು ಪರಊರು. ಈ ಪುಸ್ತಕ ಬರೆಯುವ ಕುರ್ಚಿಯಲ್ಲಿ ನಾನೇ ಕೂತಿದ್ದೆ, ಹಾಗಾಗಿ ನನ್ನ ತಪ್ಪನ್ನು ಇಲ್ಲಿ ಹೇಳಲೇಬೇಕು. ಸೊಸೈಟಿಯಲ್ಲಿ ಬೆಳೆಸಾಲ ಬೇಕೆಂದರೆ ಹೊಲದ ಉತಾರ, ಅಂದರೆ ಪಹಣಿ ಬೇಕು. ಲಾವಣಿಗೆ, ಅಂದರೆ ಗೇಣಿಗೆ, ಬೇರೆಯವರ ಹೊಲ ಮಾಡುವವನಿಗೆ ಉತಾರ ಇರುವುದಿಲ್ಲ. 2003ರ ಸುಮಾರಿಗೆ, ಬರದ ಮೇಲೆ ಬರ ಬಿದ್ದ ವರ್ಷ, ಲಾವಣಿ ಮಾಡುವ ಒಬ್ಬ ಬೀಜಕ್ಕೆ ಸಾಲ ಕೇಳಿಕೊಂಡು ಬಂದ. ನನಗಿಂತ ಎರಡು ವರ್ಷ ದೊಡ್ಡವ, ಸಾಲಿಯಲ್ಲಿ ಒಂದೇ ಬೆಂಚು. "ನಿಯಮ ಇಲ್ಲಪ್ಪ," ಅಂದೆ. ನಿಯಮ ಇರಲಿಲ್ಲ ಖರೆ. ಆದರೆ ಸಭೆಯ ಮುಂದೆ ಇಡಬಹುದಿತ್ತು, ನಾಲ್ಕು ಮಂದಿ ಸೇರಿ ಕೈಯಿಂದ ಕೂಡಿಸಿ ಕೊಡಬಹುದಿತ್ತು. ಅಂಥ ಕೆಲಸವನ್ನು ನಾವು ಬೇರೆಯವರಿಗೆ ಮಾಡಿದ್ದೆವು. ಅವನಿಗೆ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯದೇ ಇದ್ದದ್ದೇ ತಪ್ಪು. ಅವನು ಆ ವರ್ಷ ಸಂಸಾರ ಕಟ್ಟಿಕೊಂಡು ಗೋವೆಗೆ ಗುಳೆ ಹೋದ. ಮತ್ತೆ ಊರಲ್ಲಿ ನೆಲೆ ನಿಲ್ಲಲಿಲ್ಲ.

2009ರ ನೆರೆಯ ಮೇಲೂ ಒಂದು ಪಾಠ ಆಯಿತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಬಂದ ಆ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಎಷ್ಟು ಮನೆ ಬಿದ್ದವು ಅನ್ನುವುದು ನಿಮಗೆ ಗೊತ್ತು. ಆಮೇಲೆ ಆಸರೆ ಯೋಜನೆಯಲ್ಲಿ ನವಗ್ರಾಮಗಳಾದವು. ನಾಡಿನ ಎಲ್ಲ ಕಡೆಯಿಂದ ದಾನಿಗಳು ಬಂದು ಮನೆ ಕಟ್ಟಿಸಿಕೊಟ್ಟರು. ಅವರ ಮನಸ್ಸು ದೊಡ್ಡದು. ನಮ್ಮೂರಿನ ಆ ಹೊಸ ಮನೆಗಳ ಹಂಚಿಕೆ ಚೀಟಿ ಎತ್ತಿ ಆಯಿತು. ಯಾರಿಗೂ ಪಕ್ಷಪಾತ ಬೇಡ ಅನ್ನುವ ಒಳ್ಳೆಯ ಉದ್ದೇಶವೇ. ಆದರೆ ಐವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದ ಮನೆಗಳು ಒಂದು ಆ ತುದಿಗೆ, ಒಂದು ಈ ತುದಿಗೆ ಬಿದ್ದವು. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ಹಿಟ್ಟು ಇಸಿದುಕೊಳ್ಳಲು ಪರಿಚಯದ ಕದ ಇಲ್ಲ. ಬಹಳ ಮಂದಿ ಬೀಗ ಹಾಕಿ ಹಳೆಯ ಊರಿಗೇ ತಿರುಗಿ ಬಂದರು. ಹತ್ತು ವರ್ಷದ ಮೇಲೆ ಹೊಳೆ ಮತ್ತೆ ಬಂತು. ಓಣಿಯನ್ನು ಇಡಿಯಾಗಿ ಎತ್ತಿ ಇಟ್ಟಿದ್ದರೆ ಮಂದಿ ನಿಲ್ಲುತ್ತಿದ್ದರು ಅಂತ ನಾನು ಈಗಲೂ ನಂಬುತ್ತೇನೆ.

ಇನ್ನೊಂದು ದೂರದ ಊರಿನ ಮಾತು ಹೇಳಿ ನಮ್ಮೂರಿಗೆ ಬರುತ್ತೇನೆ. 1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪ ಆಗಿ 6,400ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಅವಶೇಷದೊಳಗಿಂದ ಜೀವಂತ ಹೊರಬಂದವರಲ್ಲಿ ಬಹುತೇಕರನ್ನು ಎಳೆದು ತೆಗೆದವರು ಮನೆಯವರು ಮತ್ತು ನೆರೆಯವರು. ಪಕ್ಕದ ಅವಾಜಿ ದ್ವೀಪದ ಹೊಕುದಾನ್ ಎಂಬ ಸಣ್ಣ ಊರಿನಲ್ಲಿ ಸಿಕ್ಕಿಬಿದ್ದವರನ್ನು ಆ ದಿನವೇ ಊರವರು ಹುಡುಕಿ ಮುಗಿಸಿದರು. ಹೇಗೆ ಅಂತೀರಿ? ಯಾವ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಎಲ್ಲಿ ಅಗೆಯಬೇಕು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಹೋದರಲ್ಲ, ಅವತ್ತೂ ಮೊದಲು ಕೈ ಹಾಕಿದವರು ಸುತ್ತಲಿನ ಮಂದಿ. ಆದರೆ ಒಳಗೆ ಎಷ್ಟು ಜನ ಇದ್ದರು ಅನ್ನುವುದು ಹೊರಗಿನ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೆಲಸಕ್ಕೆ ಬಂದವರ, ಅಂಗಡಿಗೆ ಬಂದವರ ಲೆಕ್ಕ ಯಾರ ಬಾಯಲ್ಲಿ ಇರಬೇಕು? ಪಟ್ಟಣದಲ್ಲಿ ಪರಿಚಯ ತೆಳುವಾಗುತ್ತ ಹೋಗುತ್ತದೆ.

ಆಪತ್ತಿಗಾದವನೇ ನೆಂಟ ಅಂತ ಗಾದೆ ಇದೆ. ನಾನು ಕಂಡಷ್ಟರಲ್ಲಿ, ಆಪತ್ತಿನಲ್ಲಿ ಕದ ಬಡಿದು ಎಬ್ಬಿಸಿದವರು ಅದಕ್ಕೂ ಮೊದಲೇ ಆ ಕದ ಬಡಿದು ರೂಢಿ ಇದ್ದವರು. ಹಿಟ್ಟಿಗೆ, ಹೆಪ್ಪಿಗೆ, ಸಿಲಿಂಡರಿಗೆ, ಮಗುವನ್ನು ಒಂದು ತಾಸು ನೋಡಿಕೊಳ್ಳಲು. ಹೊಳೆ ಬಂದ ರಾತ್ರಿ ನಮ್ಮೂರಲ್ಲಿ ಎರಡು ಗಂಟೆಗೆ ತಾಟು ಬಡಿಯುತ್ತ ಓಡಿದವರು ಎಲ್ಲ ಓಣಿಗೂ ಹೋದರು ಅಂತ ನಾವು ಅಂದುಕೊಂಡಿದ್ದೆವು. ಬೆಳಗ್ಗೆ ನೋಡಿದರೆ ಇಟ್ಟಂಗಿ ಭಟ್ಟಿಯ ಹಿಂದಿನ ಹದಿನಾಲ್ಕು ಗುಡಿಸಲುಗಳಿಗೆ ಯಾರೂ ಹೋಗಿರಲಿಲ್ಲ. ಅವರು ಬೇರೆ ತಾಲೂಕಿನಿಂದ ದುಡಿಯಲು ಬಂದವರು. ನೀರು ಹಾಸಿಗೆಗೆ ಹತ್ತಿದಾಗ ತಾವೇ ಎದ್ದು, ಮಕ್ಕಳನ್ನು ಇಟ್ಟಂಗಿಯ ಒಟ್ಟಿಲಿನ ಮೇಲೆ ಕೂರಿಸಿಕೊಂಡು ಬೆಳಗು ಮಾಡಿದ್ದರು. ದೇವರ ದಯೆ, ಯಾರೂ ಹೋಗಲಿಲ್ಲ. ಆದರೆ ನಮ್ಮೂರ ಬಗ್ಗೆ ನನಗಿದ್ದ ಹೆಮ್ಮೆ ಅವತ್ತು ತಲೆ ತಗ್ಗಿಸಿತು.

ನಿವೃತ್ತನಾದ ಮೇಲೆ ನಾನು ಒಂದು ಕೆಲಸ ಹಿಡಿದೆ. ಒಂದು ದಪ್ಪ ರಟ್ಟಿನ ನೋಟ್‌ಬುಕ್ ತಂದು, ಪ್ರತಿ ವರ್ಷ ಕಾರಹುಣ್ಣಿಮೆಗೆ ಮೊದಲು ಇಬ್ಬರು ಹುಡುಗರನ್ನು ಕರೆದುಕೊಂಡು ಮನೆ ಮನೆಗೆ ಹೋಗುತ್ತೇನೆ. ಈ ಮನೆಯಲ್ಲಿ ರಾತ್ರಿ ಯಾರು ಯಾರು ಮಲಗುತ್ತಾರೆ, ನಡೆಯಲಾರದವರು ಯಾರು, ಕಿವಿ ಕೇಳದವರು ಯಾರು, ಸಕ್ಕರೆ ಕಾಯಿಲೆಯ ಗುಳಿಗೆ ಎಲ್ಲಿಡುತ್ತಾರೆ, ಟ್ರ್ಯಾಕ್ಟರ್ ಕೀಲಿ ಯಾರ ಹತ್ತಿರ, ಸಾಲಿಯ ಕೀಲಿ ಯಾರ ಹತ್ತಿರ. ಪ್ರತಿ ಮನೆಯ ಮುಂದೆ, ಇವರನ್ನು ಎಬ್ಬಿಸಬೇಕಾದವರು ಯಾರು ಅಂತ ಒಂದು ಹೆಸರು. ನೋಟ್‌ಬುಕ್ ಸೊಸೈಟಿಯ ಗೋಡೆಗೆ ದಾರ ಕಟ್ಟಿ ತೂಗುಹಾಕಿದ್ದೇವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಇದು ಸರ್ಕಾರದ ಕೆಲಸ ಅಲ್ಲವೇ ಅಂತ ಕೇಳಿದವರಿದ್ದಾರೆ. ಸರ್ಕಾರ ಅಣೆಕಟ್ಟಿನ ನೀರು ಬಿಡುವ ಮುನ್ನ ಸರಿಯಾಗಿ ತಿಳಿಸಬೇಕು, ಬಿದ್ದ ಮನೆಗೆ ದುಡ್ಡು ಕೊಡಬೇಕು, ದೋಣಿ ಕಳಿಸಬೇಕು, ಅದನ್ನು ಕೇಳುವುದನ್ನು ನಾವು ಬಿಡುವುದಿಲ್ಲ. ಕಿವಿ ಕೇಳದ ಅಜ್ಜ ಯಾವ ಕೋಣೆಯಲ್ಲಿ ಮಲಗುತ್ತಾನೆ ಅನ್ನುವುದು ತಾಲೂಕು ಕಚೇರಿಗೆ ಗೊತ್ತಿರಲಾರದು.

ಮೊದಲ ವರ್ಷ ಭಟ್ಟಿಯ ಹಿಂದಿನ ಗುಡಿಸಲುಗಳಿಗೂ ಹೋದೆವು. ಮೂರು ಗುಡಿಸಲಿನವರು ಕೆಲಸ ಮುಗಿಸಿ ಹೋಗಿದ್ದರು, ಹೊಸಬರು ಎರಡು ಮನೆ ಬಂದಿದ್ದರು. ಎಲ್ಲರ ಹೆಸರು ಬರೆದೆವು. ಒಬ್ಬ ತಾಯಿ, ಮೂವತ್ತರ ಆಸುಪಾಸಿನವಳು, ಕೈಯ ಕೆಸರು ಒರೆಸಿಕೊಳ್ಳುತ್ತ ಬಂದು ನಿಂತು ಎಲ್ಲ ಕೇಳಿಸಿಕೊಂಡಳು. "ಹೊಳಿ ಬಂದ್ರ ನಿಮ್ಮನ್ನ ಎಬ್ಬಸಾಕ ಇಂಥವರು ಬರ್ತಾರವ್ವಾ," ಅಂತ ಹೇಳಿ ನಾನು ನೋಟ್‌ಬುಕ್ ಮುಚ್ಚಿದೆ.

"ಅಷ್ಟs ಏನ್ರೀ ಅಣ್ಣಾರ?" ಅಂದಳು. "ನಾವು ಯಾರನ್ನ ಎಬ್ಬಸಬೇಕು, ಅದನ್ನ ಬರೀಲಿಲ್ಲಲ್ರಿ."

ನಾನು ಏನು ಹೇಳಬೇಕೆಂದು ತಿಳಿಯದೆ ನಿಂತೆ. ಆಕೆಯೇ ಹೇಳಿದಳು. "ಆ ಹುಣಸಿ ಗಿಡದ ಮನ್ಯಾಗ ಮುದುಕಿ ಒಬ್ಬಾಕೀನs ಇರ್ತಾಳಲ್ಲರಿ, ಮಾಸ್ತರ ಹೇಣ್ತಿ. ಆಕಿ ಹಿತ್ತಲ ಬಾಗಲ ಪಕ್ಕದಾಗ ಮಲಗ್ತಾಳ, ನಂಗ ಗೊತ್ತೈತಿ. ಆಕಿ ಮುಂದ ನನ್ನ ಹೆಸರು ಬರ್ಕೋರಿ."